ಕುಂಕುಮ ಹಚ್ಚಿದ ಡಬ್ಬಿ

ಸಂತೇಬೆನ್ನೂರು
ತಾ. 9-11-2024

ಮಗಳು ಸಂಘಮಿತ್ರಾಳಿಗೆ ನಿನ್ನಪ್ಪನ ಆಶೀರ್ವಾದ.

ಹೇಗಿದ್ದೀಯಾ? ಜಗಳೂರಿನ ದೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿದೆಯೆಂದು ಅಕ್ಷಿತಾ ಹೇಳಿದಳು. ಕೆಮ್ಮಿಕೊಂಡೇ ಪಾಠ ಮಾಡಬೇಡ, ಡಾಕ್ಟರಿಗೆ ತೋರಿಸು. ಮೊಮ್ಮಗಳು ಫೋನ್ ಮಾಡುತ್ತಾಳೆ, ಮಗಳು ಮಾಡುವುದಿಲ್ಲ, ಇರಲಿ. ಫೋನಿನಲ್ಲಿ ನನ್ನ ದನಿ ಏರುತ್ತದೆ, ನೀನು ಕಟ್ ಮಾಡುತ್ತೀ. ಕಾಗದಕ್ಕೆ ಆ ಗುಂಡಿ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕೆಂಪು ಗೆರೆ ಎಳಿ, ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟವನು.

ಸೋಮವಾರ ಚನ್ನಗಿರಿಗೆ ಹೋಗಿದ್ದೆ, ಖಾಸಗಿಯಾಗಿ ಸರ್ವೆ ಮಾಡುವ ರಘುನಾಥನ ಆಫೀಸಿಗೆ. ನಿಮ್ಮವ್ವನ ಸಮಾಧಿಗೆ ಹೋಗುವ ಬಂಡಿದಾರಿಯನ್ನು ಪಕ್ಕದ ಹೊಲದ ಜಯಪ್ಪ ಉತ್ತು ನುಂಗಿದ್ದಾನೆಂದು ಮೂರು ವರ್ಷದಿಂದ ಅವನೊಂದಿಗೆ ಜಗಳವಾಡಿದವನು ನಾನು. "ಅಪ್ಪಾ, ಫೋನಿನಾಗಿನ ಮಸುಕು ಪಟ ನಂಬಬ್ಯಾಡ, ಹಳೇ ನಕ್ಷೆ ತೆಗೆಸಿ ನೋಡು" ಎಂದು ನೀನು ಹೇಳಿದೆ. "ಊರಿಗೆಲ್ಲಾ ನೀರು ಬಿಟ್ಟೋನಿಗೆ ದಾರಿ ತೋರ್ಸಾಕೆ ಬರ್ತೀಯಾ? ಎದ್ದು ಹೋಗು" ಎಂದೆ. ನೀನು ಎದ್ದು ಹೋದೆ. ಅವ್ವನ ವರ್ಷದ ದಿನಕ್ಕೂ ಬರಲಿಲ್ಲ.

ಆಫೀಸಿನಲ್ಲಿ ವಿಜಯಶ್ರೀ ಎಂಬ ಹುಡುಗಿ ನೀನು ಹೇಳಿದ್ದ ಹಳೇ ನಕ್ಷೆಯ ಪಟವನ್ನು ಕಂಪ್ಯೂಟರಿನಲ್ಲಿ ತೆರೆದಳು. ನಾಲ್ಕು ಬೆರಳಷ್ಟು ಕಂಡು ನಿಂತೇಬಿಟ್ಟಿತು. "ಕೂತ್ಕಳ್ರಿ ಅಜ್ಜಾ, ಫೈಲು ದೊಡ್ಡದು, ನೆಟ್‌ವರ್ಕ್ ಸ್ಲೋ ಐತೆ" ಎಂದಳು. ಪಟ ಎಲ್ಲಿದೆ ಎಂದು ಕೇಳಿದೆ. ಒಳಕೋಣೆಯ ಪೆಟ್ಟಿಗೆಯಲ್ಲಿದೆಯಂತೆ, ವೈರಿನಲ್ಲಿ ಬರಬೇಕಂತೆ. "ಹನ್ನೆರಡು ಹೆಜ್ಜೆ ಬರಾಕೆ ಅರ್ಧ ಗಂಟೆನಾ? ಬಸುರಿ ಆಮೆನೂ ಇಷ್ಟೊತ್ತಿಗೆ ಬರ್ತಿತ್ತು" ಎಂದೆ. ನಕ್ಕಳು. ನನಗೆ ನಗು ಬರಲಿಲ್ಲ, ಕುತೂಹಲ ಹತ್ತಿತು. ಮೂವತ್ತು ವರ್ಷ ನೀರುಗಂಟಿಯಾಗಿದ್ದವನಲ್ಲವೇ? ಕೊನೇ ಮನೆಗೆ ನೀರು ಬರದಿದ್ದರೆ ನಲ್ಲಿಯನ್ನು ಬೈಯಬಾರದು, ಟ್ಯಾಂಕಿನಿಂದ ಲೈನ್ ಹಿಡಿದು ನಡೆಯಬೇಕು. ಹಾಗೇ ಒಳಕೋಣೆಯಿಂದ ವೈರು ಹಿಡಿದು ನಡೆದೆ. ರಘುನಾಥ ಹಿಂದೆಯೇ, "ಎಲ್ಲಾ ಹೊಸದು ಹಾಕ್ಸೀನಿ ಅಜ್ಜಾ, ನೀವ್ಯಾಕೆ ಬಗ್ತೀರಿ" ಎನ್ನುತ್ತಾ ಬಂದ.

ಬೀರುವಿನ ಹಿಂದೆ ಕೈ ಹಾಕಿದರೆ ವೈರುಗಳನ್ನು ಕೂಡಿಸುವ ಒಂದು ಪುಟ್ಟ ಹಳೇ ಡಬ್ಬಿ, ಮೈತುಂಬ ಕುಂಕುಮದ ಹೆಕ್ಕಳಿಕೆ. ಒಳಕೋಣೆಯ ವೈರು ಅದರೊಳಕ್ಕೆ ಹೊಕ್ಕು, ಅಲ್ಲಿಂದ ಹೊರಟು, ಹುಡುಗಿಯ ಕಂಪ್ಯೂಟರಿಗೆ ವೈರು ಕೊಡುವ ಹೊಸ ಡಬ್ಬಿಗೆ ಹೋಗಿತ್ತು. "ಆಫೀಸು ಶುರು ಮಾಡಿದಾಗಿಂದು. ಆಯುಧಪೂಜೆಗೆ ಮೊದಲ ಕುಂಕುಮ ಅದಕ್ಕೇ. ಕೀಳಾಕೆ ಮನಸು ಬರ್ಲಿಲ್ಲ" ಎಂದ. ನನಗೆ ನೆತ್ತಿಗೇರಿತು. "ಹಿಂದೂ ಮುಂದೂ ನಾಲ್ಕಿಂಚು ಪೈಪು ಹಾಕಿ, ನಡುವೆ ಅರ್ಧ ಇಂಚು ಬಿಟ್ಟೀಯಲ್ಲೋ! ಕುಂಕುಮ ಹಚ್ಚಿದ್ರೆ ಅಗಲ ಆಗ್ತೈತಾ?" ಅವನು ಡಬ್ಬಿ ತಿರುಗಿಸಿ ನೋಡಿ ತಲೆ ಕೆರೆದುಕೊಂಡ. ಹೊಸದರ ಹತ್ತರಲ್ಲಿ ಒಂದು ಪಾಲು ವೇಗವಂತೆ ಅದಕ್ಕೆ. ಹಳೆಯದನ್ನು ದೇವರ ಫೋಟೊದ ಪಕ್ಕಕ್ಕೆ ಇಟ್ಟು, ವೈರನ್ನು ನೇರ ಹೊಸದಕ್ಕೆ ಸಿಕ್ಕಿಸಿದ.

ಒಂದು ಗುಟುಕು ಚಾ ಕುಡಿಯುವುದರಲ್ಲಿ ಇಡೀ ಊರು ಬಂತು ಮಗಳೇ! ಬಾವಿ, ಹುಣಸೆಮರ, ಯಾರೋ ಪುಣ್ಯಾತ್ಮ ಮಸಿಯಲ್ಲಿ ಬರೆದ ನಂಬರು. ಹಿಗ್ಗಿಸಿದಷ್ಟೂ ಇನ್ನೊಂದು ಗೆರೆ. ಬಂದ ಕೆಲಸ ಮರೆತು "ಇನ್ನೂ ಹತ್ರ, ಇನ್ನೂ ಹತ್ರ" ಎನ್ನುತ್ತಾ ಕುಳಿತೆ. ಅಷ್ಟು ದೊಡ್ಡ ಊರು ವೈರಿನಲ್ಲಿ ಹರಿಯುವುದು ಹೇಗೆ? ನೀನೇ ಬಂದು ಬಿಡಿಸಿ ಹೇಳಬೇಕು.

ಹಾಳೆ ಮುಗಿಯುತ್ತಾ ಬಂತು. ಅಳಿಯಂದಿರಿಗೆ ನಮಸ್ಕಾರ, ಅಕ್ಷಿತಾಗೆ ಮುತ್ತು. ಬಿಸಿನೀರು ಕುಡಿ.

ನಿನ್ನಪ್ಪ,
ಚಿಕ್ಕಹನುಮಂತಪ್ಪ

ಮರೆತ ಮಾತು: ದಾರಿ ಜಯಪ್ಪನ ಹೊಲದಲ್ಲಿಲ್ಲ. ನಾನು ಕಟ್ಟಿಸಿದ ಕೊಟ್ಟಿಗೆಯ ಅಡಿಯಲ್ಲಿದೆ. ಹೋಗಿ ಅವನಿಗೆ ಹೇಳಿದೆ. "ಮೊದ್ಲು ಕುಂದ್ರು, ಆಮೇಲೆ ಬೈತೀನಿ" ಎಂದ. ಬೈದ. ನಿನ್ನೆ ಅವನೇ ಬಂದು ತಗಡು ಇಳಿಸಲು ಕೈಜೋಡಿಸಿದ. ಬಂಡಿ ಹೋಗುವಷ್ಟು ಜಾಗವಾಗಿದೆ. ನಾನಿನ್ನೂ ಕಾಲಿಟ್ಟಿಲ್ಲ. ಮುಂದಿನ ಭಾನುವಾರ ಬಾ, ನೀನು ಮುಂದೆ ನಡೆ.