ಚರ್ಮಕ್ಕೆ ತಾಗದ ಹೊಲಿಗೆ

ಶುಕ್ರವಾರ, ಮಧ್ಯಾಹ್ನ

ತಂಗಿಗೆ,

ನಿಮ್ಮನ್ನು ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ನಾನು ಬಿಟ್ಟು ಬಂದ ಮನೆಗೆ ನೀವು ಬಂದವರು. ನನಗಿಂತ ಚಿಕ್ಕವರು, ಅದಕ್ಕೇ ತಂಗಿ ಎಂದು ಬರೆದಿದ್ದೇನೆ. ಇಷ್ಟವಾಗದಿದ್ದರೆ ಆ ಒಂದು ಪದವನ್ನು ಬಿಟ್ಟು ಮುಂದೆ ಓದಿ. ಜೊತೆಗಿರುವ ಪೊಟ್ಟಣವನ್ನು ಮಾತ್ರ ಮಗಳು ಗುಬ್ಬಿಯ ಎದುರು ಬಿಚ್ಚಬೇಡಿ.

ವಿಷಯ ಗುಬ್ಬಿಯದೇ. ಮುಟ್ಟಾದಾಗ ಹಾಕಿಕೊಳ್ಳುವ ಪ್ಯಾಡಿನಿಂದ ಅವಳ ತೊಡೆಸಂದಿಯೆಲ್ಲ ಕೆಂಪಾಗಿ, ಕೆರೆದು ಕೆರೆದು ಸಿಪ್ಪೆ ಎದ್ದಿದೆ. ನಿಮಗೆ ಇದು ಗೊತ್ತಿರಲಾರದು. ಗೊತ್ತಾಗದ ಹಾಗೆ ಅವಳೇ ನೋಡಿಕೊಂಡಿದ್ದಾಳೆ.

ಚಳಿಗಾಲದ ಕೊನೆಯ ಒಂದು ಭಾನುವಾರ ನನ್ನ ಕೋಣೆಗೆ ಬಂದವಳು ಕುರ್ಚಿಯ ಅಂಚಿನಲ್ಲಿ ಕೂತಳು. ಮಂಚದ ಮೇಲೆ ಬಿದ್ದು ಹೊರಳಾಡುವ ಹುಡುಗಿ ಹಾಗೆ ಕೂತದ್ದು ನೋಡಿಯೇ ಕೇಳಿದೆ. "ಏನೂ ಇಲ್ಲ ಬಿಡಮ್ಮ, ನಿಂದೊಂದು" ಎಂದಳು. ಎದ್ದು ನೀರು ಕುಡಿಯಲು ಹೋಗುವಾಗ ಕಾಲು ಅಗಲಿಸಿ ನಡೆದಳು. ಬಾಗಿಲು ಹಾಕಿ, ಬಲವಂತ ಮಾಡಿ ನೋಡಿದೆ. ನೋಡಬಾರದಿತ್ತು ಅನ್ನಿಸುವಷ್ಟು ಉರಿದುಹೋಗಿತ್ತು. ಅದು ಸಾಲದೆಂದು ಸ್ನಾನದ ನೀರಿಗೆ ಗಾಯ ತೊಳೆಯುವ ಔಷಧಿ ಬೇರೆ ಸುರಿದುಕೊಳ್ಳುತ್ತಿದ್ದಳಂತೆ, ತಾನು ಗಲೀಜಾಗಿರುವುದಕ್ಕೇ ಹೀಗಾಗಿದೆ ಎಂದುಕೊಂಡು.

"ಅಲ್ಲೇ ಆಂಟಿಗೆ ಹೇಳಬಾರದಾ?" ಎಂದೆ.

"ಹೇಗೆ ಹೇಳ್ಲಮ್ಮ? ಆಂಟಿ ಪಾಪ, ನಾನು ಕೇಳೋಕೆ ಮುಂಚೆನೇ ತಂದಿಟ್ಟಿರ್ತಾರೆ. ಒಳ್ಳೇದೇ ತರ್ತಾರೆ, ಘಮ್ ಅನ್ನತ್ತೆ. ಇದು ಆಗಲ್ಲ ಅಂದ್ರೆ ಅವರಿಗೆ ಬೇಜಾರಾಗಲ್ವಾ?"

ತಂಗಿ, ಆ ಮಾತನ್ನು ನಾನು ಇಷ್ಟು ದಿನ ಯಾರಿಗೂ ಹೇಳಿಲ್ಲ. ಯಾರಿಗೆ ಬೇಜಾರಾದೀತು ಎಂದು ಮಕ್ಕಳು ಹೆದರುತ್ತಾರೋ ಅವರ ಮೇಲೆಯೇ ಪ್ರೀತಿ ಇರುತ್ತದೆ. ನನ್ನ ಹತ್ತಿರ ಅವಳು ಯಾವತ್ತೂ ಹೆದರಿಲ್ಲ. ಬಾಯಿಗೆ ಬಂದದ್ದು ಆಡುತ್ತಾಳೆ. ಅದೂ ಒಂದು ಸಲಿಗೆಯೇ ಎಂದು ಸಮಾಧಾನ ಮಾಡಿಕೊಂಡೆ. ದೊಡ್ಡವಳಾದ ವರ್ಷವೇ ಅಲ್ಲವೇ ಅವಳು ನಿಮ್ಮ ಮನೆಗೆ ಹೋಗುತ್ತೇನೆ ಎಂದದ್ದು? ನಮ್ಮ ವಠಾರದಲ್ಲಿ ಬಚ್ಚಲು ಎಲ್ಲರಿಗೂ ಒಂದೇ. ಹೊರಗೆ ಯಾರಾದರೂ ಬಕೆಟ್ ಹಿಡಿದು "ಆಯ್ತೇನಮ್ಮಾ?" ಎಂದು ಕೂಗುತ್ತಿರುತ್ತಾರೆ. ನಿಮ್ಮಲ್ಲಿ ಅವಳದೇ ಬಚ್ಚಲು, ಅದಕ್ಕೆ ಒಳಗಿನಿಂದ ಚಿಲಕ. ನಾನು ತಡೆಯಲಿಲ್ಲ. ಚಿಲಕ ಕೊಡಲಾಗದವಳು ಯಾವ ಬಾಯಿಂದ ತಡೆಯಲಿ?

ನಾನು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹೊಲಿಗೆಯವಳು. ಹರಿದ ಬೆಡ್‌ಶೀಟಿಗೆ ತೇಪೆ ಹಾಕುತ್ತೇನೆ, ರೋಗಿಗಳ ನಿಲುವಂಗಿಗೆ ಲಾಡಿ ಹೊಲಿಯುತ್ತೇನೆ. ತೇಪೆಗೂ ಬಗ್ಗದ ಶೀಟುಗಳನ್ನು ಒರೆಸುವ ಬಟ್ಟೆಗೆಂದು ನಮಗೇ ಕೊಡುತ್ತಾರೆ. ಒಗೆದೂ ಒಗೆದೂ ಬೆಣ್ಣೆಯಾಗಿರುತ್ತವೆ. ಮಗಳಿಗೆ ಇದಕ್ಕಿಂತ ಮೆತ್ತನೆಯದು ಎಲ್ಲಿ ಸಿಕ್ಕೀತು ಎಂದು ಅದರಲ್ಲೇ ಮಡಿಕೆ ಹಾಕಿ ಹೊಲಿದು ಕೊಟ್ಟೆ. ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ನಕ್ಕಳು. ಆ ನಗು ನೋಡಿ ಎಷ್ಟು ಬೀಗಿದೆನೋ.

ಮುಂದಿನ ತಿಂಗಳು ಅವಳು ಬರಲಿಲ್ಲ. ಫೋನ್ ಬಂತು. "ನಿನ್ನ ಬಟ್ಟೆಯಿಂದಾನೇ ಇನ್ನೂ ಜಾಸ್ತಿ ಆಗಿದ್ದು. ಪರೀಕ್ಷೇಲಿ ಕೂರೋಕಾಗದೆ ಅರ್ಧಕ್ಕೇ ಎದ್ದು ಬಂದೆ, ಗೊತ್ತಾ? ನೀನು ಏನು ಮಾಡಿದ್ರೂ ಹೀಗೇ ಆಗೋದು. ಇನ್ಮೇಲೆ ನಂಗೇನೂ ಕೊಡಬೇಡ. ನಾನು ಬರೋದೂ ಇಲ್ಲ." ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ನಮ್ಮಲ್ಲಿ ಚರ್ಮದ ಡಾಕ್ಟರಮ್ಮ ಇದ್ದಾರೆ. ಕೋಟಿನ ಗುಂಡಿ ಹಾಕಿಸಿಕೊಳ್ಳಲು ಬಂದಾಗ, ಯಾರದೋ ಮಗಳ ಕಥೆ ಎಂಬಂತೆ ಕೇಳಿದೆ. ಅವರು ಹಣೆ ಚಚ್ಚಿಕೊಂಡರು. "ಅಯ್ಯೋ ನಿನ್ನ! ಆಸ್ಪತ್ರೆ ಶೀಟಿಗೆ ಹಾಕೋ ಬ್ಲೀಚಿಂಗ್ ಪೌಡರ್ ಬಿದ್ರೆ ನೆಲಾನೇ ಬೆಳ್ಳಗಾಗತ್ತೆ, ಇನ್ನು ಹುಡುಗಿ ಚರ್ಮ ಎಲ್ಲಿ ಉಳಿಯತ್ತೆ?" ಎಂದರು. ಯಾರ ಮಗಳು ಎಂದು ಕೇಳಲಿಲ್ಲ, ಆದರೆ ತಿಳಿದುಹೋಯಿತೆಂದು ಕಾಣುತ್ತದೆ. ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಎಷ್ಟೋ ಸಲ ಪ್ಯಾಡಿಗೆ ಹಾಕುವ ಸುವಾಸನೆಯೇ ಆಗಿಬರುವುದಿಲ್ಲವಂತೆ. ಮೇಲಿನ ಪ್ಲಾಸ್ಟಿಕ್ ಪದರ ಬೆವರನ್ನು ಹಿಡಿದಿಡುತ್ತದೆ, ಒದ್ದೆಯಲ್ಲಿ ಅಂಚು ಉಜ್ಜುತ್ತದೆ.

ಹಾಗಾಗಿ ಈ ಸಲ ಅಂಗಡಿಯಿಂದ ಕೋರಾ ಹತ್ತಿ ಬಟ್ಟೆ ತಂದೆ. ಬಣ್ಣವಿಲ್ಲದ್ದು, ಬ್ಲೀಚು ಕಾಣದ್ದು. ಗಂಜಿ ಬಿಡುವ ತನಕ ಬರೀ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ ಒಣಗಿಸಿದೆ. ನನಗೆ ಮುಟ್ಟು ನಿಂತಿದೆ. ಆದರೂ ಹೊಲಿದದ್ದನ್ನು ನಾನೇ ಹಾಕಿಕೊಂಡು ದಿನವಿಡೀ ಕೆಲಸ ಮಾಡಿದೆ, ಎಲ್ಲಿ ಒತ್ತುತ್ತದೆ ನೋಡೋಣ ಎಂದು. ವಾರ್ಡಿನ ಆಯಾ ನನ್ನ ನಡಿಗೆ ನೋಡಿ, "ಏನಕ್ಕಾ, ನಿಂತಿದ್ದು ವಾಪಸ್ ಬಂತಾ?" ಎಂದು ಎಲ್ಲರೆದುರು ನಗಾಡಿದಳು. ನಗಲಿ. ಅಂಚಿನ ಹೊಲಿಗೆ ಕಚ್ಚುತ್ತದೆ ಎಂದು ಹಾಕಿ ನೋಡಿದ್ದರಿಂದಲೇ ತಿಳಿಯಿತು. ಬಿಚ್ಚಿ, ಹೊಲಿಗೆಯನ್ನೆಲ್ಲ ಕೆಳಮಗ್ಗುಲಿಗೆ ತಿರುಗಿಸಿದೆ. ಟಿಚ್ ಬಟನ್ ಕೂಡ ಹೊರಗೇ ಬರುತ್ತದೆ. ಈಗ ಚರ್ಮಕ್ಕೆ ತಾಗುವುದು ಬರೀ ಬಟ್ಟೆ.

ಬಳಸಿದ ಮೇಲೆ ತಣ್ಣೀರಿನಲ್ಲೇ ನೆನೆಸಬೇಕು, ಬಿಸಿನೀರಿಗೆ ಕಲೆ ಕೂತುಬಿಡುತ್ತದೆ. ಘಮಘಮಿಸದ ಸೋಪು ಸಾಕು. ಮುಖ್ಯವಾಗಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಬೇಕು. ನಾಚಿಕೆಪಟ್ಟು ಬಚ್ಚಲ ಮೂಲೆಯಲ್ಲಿ ಟವೆಲ್ ಕೆಳಗೆ ಮುಚ್ಚಿಡುತ್ತಾಳೆ, ಬಿಡಬೇಡಿ. ನಿಮ್ಮ ಸೀರೆಯ ಪಕ್ಕದಲ್ಲೇ ತಂತಿಗೆ ಹಾಕಿ, ಆಗ ಅವಳಿಗೂ ಸಂಕೋಚ ಹೋಗುತ್ತದೆ. ಶಾಲೆಗೆ ಬಟ್ಟೆ ಕಷ್ಟವಾದರೆ, ಸುವಾಸನೆ ಇಲ್ಲದ, ಮೇಲೆ ಹತ್ತಿ ಇರುವ ಪ್ಯಾಡ್ ಸಿಗುತ್ತದಂತೆ. ಆದರೆ ಬೆಳಿಗ್ಗೆ ಹಾಕಿದ್ದನ್ನು ಸಂಜೆವರೆಗೆ ಇಟ್ಟುಕೊಳ್ಳಬಾರದು. ಪೌಡರ್ ಬೇಡ, ಆ ಔಷಧಿ ನೀರಂತೂ ಬೇಡವೇ ಬೇಡ. ಈಗಿರುವ ಗಾಯವನ್ನು ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ. ನೀರು ಒಸರಿದರೆ, ಜ್ವರ ಬಂದರೆ ಒಂದು ದಿನವೂ ಕಾಯಬೇಡಿ. ಅವರಿಗೆ, ಎಂದರೆ ಗುಬ್ಬಿಯ ಅಪ್ಪನಿಗೆ, ಹೇಳಲು ಮುಜುಗರವಾದರೆ ನೀವೇ ಕರೆದುಕೊಂಡು ಹೋಗಿ.

ಇವನ್ನು ನಾನು ಹೊಲಿದೆ ಎಂದು ಅವಳಿಗೆ ಗೊತ್ತಾಗಬಾರದು. ಗೊತ್ತಾದರೆ ಮುಟ್ಟುವುದಿಲ್ಲ. ನೋವು ತಿಂದುಕೊಂಡಾದರೂ ಇರುತ್ತಾಳೆ, ಹಟ ನನ್ನದೇ. ನೀವೇ ತಂದದ್ದು ಅನ್ನಿ. ನಡಿಗೆ ನೋಡಿ ನಿಮಗೇ ತಿಳಿಯಿತು ಅನ್ನಿ. ನೀವು ಗಮನಿಸಿದಿರಿ ಎಂದು ಅವಳಿಗೆ ಖುಷಿಯಾಗುತ್ತದೆ. ನಿಮ್ಮ ಕುತ್ತಿಗೆಗೆ ಜೋತುಬೀಳಲೂಬಹುದು. ಆಗ ನನ್ನನ್ನು ನೆನೆದು ಹಿಂಜರಿಯಬೇಡಿ. ಗಟ್ಟಿಯಾಗಿ ಅಪ್ಪಿಕೊಳ್ಳಿ.

ಈ ಕಾಗದಕ್ಕೆ ಉತ್ತರ ಬೇಕಾಗಿಲ್ಲ. ಅವಳು ಮಂಚದ ಮೇಲೆ ಹೊರಳಾಡುವ ಹಾಗಾದರೆ ಸಾಕು.

ಇಂತಿ,
ಗುಬ್ಬಿಯ ಅಮ್ಮ

ಮರೆತಿದ್ದೆ: ಭಾನುವಾರ ನನ್ನ ಕೋಣೆಗೆ ಯಾಕೆ ಹೋಗುತ್ತಿಲ್ಲ ಎಂದು ಅವಳ ಅಪ್ಪ ಗದರಿಸಬಹುದು. ಅಮ್ಮನಿಗೆ ಈಗ ಭಾನುವಾರವೂ ಡ್ಯೂಟಿ ಎಂದು ನೀವು ಹೇಳಿಬಿಡಿ, ಅವಳಿಗೂ ಹಾಗೇ ಹೇಳಿ. ಅಮ್ಮನನ್ನು ಬೇಡವೆಂದೆ ಎಂಬ ಭಾರವನ್ನು ಆ ವಯಸ್ಸಿಗೆ ಅವಳು ಹೊರಬಾರದು. ನಿಮ್ಮ ಬಾಯಲ್ಲಿ ಸುಳ್ಳು ಬರಬಾರದೆಂದು ನಿನ್ನೆಯೇ ಮೇಲಿನವರನ್ನು ಕೇಳಿಕೊಂಡು ಭಾನುವಾರದ ಡ್ಯೂಟಿ ಹಾಕಿಸಿಕೊಂಡಿದ್ದೇನೆ.