ಕಣಕ್ಕೆ ಬೀಗ ಹಾಕಿದ ಪ್ರಾಂಶುಪಾಲರಿಗೆ

ಮಾನ್ಯ ಪ್ರಾಂಶುಪಾಲರೇ,

ನಮ್ಮೂರಿನ ಕಣದ ಬೀಗದ ಕೈ ನಿಮ್ಮ ಕಾಲೇಜಿನ ಯಾವುದೋ ಬೀರುವಿನಲ್ಲಿದೆ. ಅದನ್ನು ಕೊಡಿ. ವಿಷಯ ಇಷ್ಟೇ. ಇಷ್ಟಕ್ಕೆ ಊರೆಲ್ಲ ಓದುವಂಥ ಪತ್ರ ಯಾಕೆ ಬೇಕಿತ್ತು ಎಂದು ತಾವು ಕೇಳಬಹುದು. ಸ್ವಾಮಿ, ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಕೂತು ನನ್ನ ಪಂಚೆ ಸವೆಯಿತೇ ಹೊರತು ಬೀಗ ತೆರೆಯಲಿಲ್ಲ. ಕಿವಿಯಲ್ಲಿ ಹೇಳಿದ್ದು ಕೇಳಿಸದಿದ್ದಾಗ ಕೂಗಿ ಹೇಳುವುದು ಕಂಡಕ್ಟರ್ ಕೆಲಸ ಮಾಡಿದವನಿಗೆ ರೂಢಿ.

ಹೌದು, ನಾನು ಸರ್ಕಾರಿ ಬಸ್ಸಿನ ನಿವೃತ್ತ ಕಂಡಕ್ಟರ್. ಪಾಂಡವಪುರದಿಂದ ಕೃಷ್ಣರಾಜಪೇಟೆಗೆ ಓಡಾಡಿದವನು. ನಿಮ್ಮ ಕಾಲೇಜಿನ ಒಂದು ತಲೆಮಾರು ನನ್ನ ಬಸ್ಸಿನ ಮೆಟ್ಟಿಲ ಮೇಲೆ ನಿಂತುಕೊಂಡೇ ಪದವಿ ಮುಗಿಸಿತು. ಈಗ ಊರಿನಲ್ಲಿದ್ದೇನೆ, ಇರುವ ಚೂರು ಹೊಲದಲ್ಲಿ ರಾಗಿ ಬೆಳೆಯುತ್ತೇನೆ. ಊರು ಯಾವುದೆಂದರೆ, ಕಳೆದ ಆಷಾಢದಲ್ಲಿ ನೀವು ದತ್ತು ತೆಗೆದುಕೊಂಡಿರಲ್ಲ, ಅದೇ. ನಿಮ್ಮ ಕಾಲೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಓದುವ ಮಕ್ಕಳು ನಮ್ಮವೇ. ಅವುಗಳ ಮರ್ಯಾದೆ ಹೋಗುವುದು ನನಗೆ ಬೇಡ.

ನಿಮ್ಮ ವರ್ಷಾಂತ್ಯದ ವಾರ್ತಾಸಂಚಿಕೆ ನನ್ನ ಕೈ ಸೇರಿದೆ. ನುಣುಪು ಕಾಗದ, ಪುಟಪುಟಕ್ಕೂ ಬಣ್ಣದ ಚಿತ್ರ. ರಕ್ತದಾನ ಶಿಬಿರ, ಯೋಗ ದಿನ, ಮತದಾನದ ಜಾಗೃತಿ ಜಾಥಾ, ಎಲ್ಲವೂ ಇವೆ. ಸಂತೋಷ. ನಡುಪುಟದಲ್ಲಿ ನಮ್ಮೂರಿದೆ. ಅಲ್ಲಿ ಹೀಗೆ ಅಚ್ಚಾಗಿದೆ: "ಗ್ರಾಮದ ಅಂಚಿನಲ್ಲಿ ನಿರುಪಯುಕ್ತವಾಗಿ ಬಿದ್ದಿದ್ದ ಬಂಜರು ಭೂಮಿಯನ್ನು ನಮ್ಮ ಸ್ವಯಂಸೇವಕರು ಹಸಿರು ವನವನ್ನಾಗಿ ಪರಿವರ್ತಿಸಿದರು. ಗ್ರಾಮದ ಹಿರಿಯರು ಈ ಕಾರ್ಯಕ್ಕೆ ಹರ್ಷ ವ್ಯಕ್ತಪಡಿಸಿದರು."

ನಿರುಪಯುಕ್ತ! ಪ್ರಾಂಶುಪಾಲರೇ, ಅದು ಊರೊಟ್ಟಿನ ಕಣ. ಸ್ವಂತ ಕಣ ಮಾಡಿಕೊಳ್ಳಲು ಜಾಗವಿಲ್ಲದ ಮನೆಗಳೆಲ್ಲ ಸರದಿಯ ಮೇಲೆ ರಾಗಿ ಒಕ್ಕುವ ಜಾಗ. ಕಣ ಎನ್ನುವುದು ವರ್ಷವಿಡೀ ಕಣವಾಗಿರುವುದಿಲ್ಲ. ಕೊಯ್ಲು ಮುಗಿದ ಮೇಲೆ ಹುಲ್ಲು ಕೆತ್ತಿ, ನೀರು ಚಿಮುಕಿಸಿ, ಮೆಟ್ಟಿ, ಸಗಣಿ ಬಳಿದರೆ ಆಗ ಅದು ಕಣ. ಸುಗ್ಗಿ ಮುಗಿಯಿತೋ, ಮತ್ತೆ ಹುಲ್ಲು ಬೆಳೆದು ದನ ಮಲಗುತ್ತವೆ. ನೀವು ಬಂದದ್ದು ಆಷಾಢದಲ್ಲಿ. ಹುಲ್ಲು ಕಂಡಿರಿ, ಬಂಜರು ಎಂದಿರಿ. ಮೇ ತಿಂಗಳ ರಜೆಯಲ್ಲಿ ನಾವು ನಿಮ್ಮ ಕಾಲೇಜಿಗೆ ಬಂದು, ಒಂದು ನರಪಿಳ್ಳೆಯೂ ಕಾಣದೆ, ಕೊಠಡಿಗೊಂದು ಎಮ್ಮೆ ಕಟ್ಟಿ, "ನಿರುಪಯುಕ್ತ ಕಟ್ಟಡದಲ್ಲಿ ಹೈನುಗಾರಿಕೆ" ಎಂದು ಫೋಟೋ ಹಾಕಿಸಿದರೆ ತಮಗೆ ಹೇಗನ್ನಿಸೀತು? ಹರ್ಷ ವ್ಯಕ್ತಪಡಿಸುತ್ತೀರಾ?

ಹರ್ಷದ ವಿಷಯಕ್ಕೆ ಬರೋಣ. ಸಂಚಿಕೆಯ ಚಿತ್ರದಲ್ಲಿ ಶಾಲು ಹೊದ್ದು ಬೆಪ್ಪಾಗಿ ನಿಂತಿರುವ ಮುದುಕರು ನನ್ನ ಚಿಕ್ಕಪ್ಪ ಚಿಕ್ಕಮಾದಯ್ಯ. ಅವತ್ತು ಶಾಮಿಯಾನದ ಕೆಳಗೆ ಭಾಷಣ ನಡೆಯುತ್ತಿದ್ದಾಗ ಅವರು ಎದ್ದು ನಿಂತದ್ದು ಹರ್ಷಕ್ಕಲ್ಲ. "ಇದು ಕಣ ಕಣ್ರಪ್ಪೋ, ಇಲ್ಲಿ ಗುಂಡಿ ತೋಡ್ಬ್ಯಾಡಿ" ಎಂದು ಹೇಳುವುದಕ್ಕೆ. ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಕಾರ್ಯಕ್ರಮಾಧಿಕಾರಿಗಳು, "ಓಹೋ, ಊರಿನ ಹಿರಿಯರು ಆಶೀರ್ವಾದ ಮಾಡಲು ಎದ್ದಿದ್ದಾರೆ" ಎಂದು ಮೈಕಿನಲ್ಲಿ ಸಾರಿ, ಓಡಿಬಂದು ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ಸಸಿ ಕೊಟ್ಟುಬಿಟ್ಟರು. ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಚಿಕ್ಕಪ್ಪ ಬಾಯಿ ಮುಚ್ಚಿಕೊಂಡು ಕೂತರು. ಯಾಕೆ ಹೇಳಲಿಲ್ಲ ಎಂದು ಸಂಜೆ ನಾನು ರೇಗಿದರೆ ಅವರು ಕೊಟ್ಟ ಉತ್ತರ ಕೇಳಿ: "ಸಾಲು ಒದ್ದಿಸ್ಬುಟ್ರು ಕಣ್ಲಾ. ಮೈಮ್ಯಾಲೆ ಅವರ ಸಾಲು ಮಡೀಕಂಡು ಅವರ್ನೇ ಬಯ್ಯಕಾಯ್ತದಾ?"

ನಮ್ಮೂರಿನ ಜನ ಹೀಗೆ. ಮನೆಗೆ ಬಂದವರು ಕಾಲು ತುಳಿದರೂ, ನಮ್ಮ ಕಾಲು ಅಡ್ಡ ಬಂತೇನೋ ಎಂದು ಎಳೆದುಕೊಳ್ಳುತ್ತಾರೆ. ಅವತ್ತು ನಿಮ್ಮ ಮಕ್ಕಳಿಗೆಲ್ಲ ಊರಿನವರೇ ಅನ್ನ ಸಾರು ಮಾಡಿ ಬಡಿಸಿದರು. ಮಕ್ಕಳು ಬಿಸಿಲಿನಲ್ಲಿ ಪಾಪ ಎಷ್ಟು ಚೆನ್ನಾಗಿ ಅಗೆದರು ಎಂದು ಮೆಚ್ಚಿಕೊಂಡರು. ತಾವು ಎಲ್ಲಿ ನೆಟ್ಟಿರಿ ಎನ್ನುವುದು ತಮಗೆ ನೆನಪಿದೆಯೇ? ಕಾರ್ಯಕ್ರಮಾಧಿಕಾರಿಗಳು ನಡುಮಧ್ಯದಲ್ಲಿದ್ದ ಚಪ್ಪಡಿ ಕಲ್ಲು ಸರಿಸಿ, "ಸರ್, ಇಲ್ಲೊಂದು ಗುಂಡಿ ರೆಡಿ ಇದೆ, ನೀವು ಇಲ್ಲೇ ನೆಡಿ" ಎಂದರು. ತಾವು ನೆಟ್ಟಿರಿ. ಅದು ಮೇಟಿಯ ಗುಂಡಿ. ಮೇಟಿ ಎಂದರೆ ಕಣದ ನಡುವೆ ನಿಲ್ಲಿಸುವ ಕಂಬ, ಹಿಂದೆ ಎತ್ತುಗಳು ಸುತ್ತುತ್ತಿದ್ದುದು ಅದರ ಸುತ್ತಲೇ. ಈಗ ಟ್ರಾಕ್ಟರು ಸುತ್ತುತ್ತದೆ. ಆದರೂ ಮೇಟಿ ನಿಲ್ಲಿಸಿ ಪೂಜೆ ಮಾಡದೆ ಯಾವ ಮನೆಯವರೂ ರಾಶಿಗೆ ಕೈ ಹಾಕುವುದಿಲ್ಲ. ನಮ್ಮಜ್ಜಂದಿರ ಕಾಲದ ಆ ಗುಂಡಿಯಲ್ಲಿ ಈಗ ನಿಮ್ಮ ಹೊಂಗೆ ಸಸಿ ನಿಂತಿದೆ.

ಆಮೇಲೆ ಸುತ್ತ ಕಲ್ಲುಕಂಬ, ಮುಳ್ಳುತಂತಿ, ಕಬ್ಬಿಣದ ಗೇಟು, ಬೀಗ, ನಿಮ್ಮ ಹೆಸರಿನ ಬೋರ್ಡು. ಬಂದದ್ದು ಅಷ್ಟೇ. ನೀರು ಮಾತ್ರ ಬರಲಿಲ್ಲ. ನೆಟ್ಟವರು ಯಾರೂ ತಿರುಗಿ ನೋಡಲಿಲ್ಲ. ದಸರಾ ಹೊತ್ತಿಗೆ ಸಸಿಗಳೆಲ್ಲ ಕಡ್ಡಿಯಾದವು. ಬದುಕಿರುವುದು ತಾವು ನೆಟ್ಟದ್ದೊಂದೇ. ಅದಕ್ಕೆ ಕಾರಣ ಪಕ್ಕದ ಮನೆಯ ಮಂಚಮ್ಮ. ಆಕೆ ತಂತಿಯ ಕೆಳಗೆ ನುಸುಳಿ, ಸೀರೆ ಹರಿದುಕೊಂಡು, ಪಾತ್ರೆ ತೊಳೆದ ನೀರು ಹೊತ್ತುಕೊಂಡು ಹೋಗಿ ಹಾಕುತ್ತಾಳೆ. "ದೊಡ್ಡೋರು ಕೈಯಾರೆ ನೆಟ್ಟವ್ರೆ. ಒಣಗೋದ್ರೆ ಊರ್ಗೆ ಕೆಟ್ಟೆಸ್ರು" ಎನ್ನುತ್ತಾಳೆ. ನಿಮ್ಮ ಹಸಿರು ವನಕ್ಕೆ ಇರುವ ನೀರಾವರಿ ಯೋಜನೆ ಇದು. ಸಂಚಿಕೆಯಲ್ಲಿ ಮಂಚಮ್ಮನ ಚಿತ್ರ ಹುಡುಕಿದೆ, ಸಿಗಲಿಲ್ಲ.

ತಂತಿ ಕಿತ್ತೆಸೆದು ಸಸಿ ತೆಗೆದುಹಾಕಿದ್ದರೆ ಆಗುತ್ತಿತ್ತಲ್ಲ ಎಂದು ಪೇಟೆಯ ನನ್ನ ಸ್ನೇಹಿತರು ಕೇಳಿದರು. ತಂತಿಯ ಮಾತು ಬಿಡಿ, ಪಂಚಾಯಿತಿಯವರು "ಕಾಲೇಜಿನವರನ್ನೇ ಕೇಳಿ" ಎಂದು ಕೈ ತೊಳೆದುಕೊಂಡಿದ್ದಾರೆ. ಆದರೆ ಸಸಿಯ ಕಥೆ ಬೇರೆ. ಒಬ್ಬರು ನೆಟ್ಟ ಜೀವವಿರುವ ಗಿಡವನ್ನು ಇನ್ನೊಬ್ಬರು ಕೀಳುವ ಪದ್ಧತಿ ನಮ್ಮಲ್ಲಿಲ್ಲ. ನೆಟ್ಟ ಕೈಯೇ ಎತ್ತಿ ಬೇರೆ ಕಡೆ ಇಡಬೇಕು. ಚಿಕ್ಕಪ್ಪ ಇದರಲ್ಲಿ ಬಲು ಗಟ್ಟಿ. "ಗಿಡ ಏನ್ ತೆಪ್ಪು ಮಾಡ್ತು? ಅವ್ರೇ ಬಂದು ಎತ್ತಲಿ" ಎಂದುಬಿಟ್ಟರು. ಹಾಗಾಗಿ ಊರಿಗೆ ಊರೇ ಒಂದು ಹೊಂಗೆ ಸಸಿಯ ಮುಂದೆ ಕೈಕಟ್ಟಿ ನಿಂತಿದೆ. ನಗಬೇಡಿ. ನನಗೂ ತಲೆ ಚಚ್ಚಿಕೊಳ್ಳುವ ಹಾಗಾಗಿದೆ.

ಕೊಯ್ಲು ಮುಗಿದು ರಾಗಿ ಮೆದೆ ಒಟ್ಟಿದ ಮೇಲೆ ಕಾಲೇಜಿಗೆ ಅಲೆಯತೊಡಗಿದೆ. ಒಂದು ದಿನ ತಾವು ಸಭೆಯಲ್ಲಿದ್ದಿರಿ, ಇನ್ನೊಂದು ದಿನ ಸಭೆಯ ಸಿದ್ಧತೆಯಲ್ಲಿದ್ದಿರಿ. ಕೊನೆಗೆ ನಿಮ್ಮ ಕಚೇರಿಯ ಅಧೀಕ್ಷಕರು ನನ್ನನ್ನು ಕರೆದು ಕೂರಿಸಿ ಬುದ್ಧಿ ಹೇಳಿದರು. "ಜನವರಿ ಕಳೀಲಿ ಯಜಮಾನ್ರೇ, ಆಮೇಲೆ ನೋಡೋಣ. ಕಾಲೇಜಿಗೆ ಗ್ರೇಡ್ ಕೊಡೋ ಮೌಲ್ಯಮಾಪನ ತಂಡದವರು ವನ ನೋಡೋಕೆ ಬರ್ತಾರೆ. ಅಲ್ಲೀವರೆಗೂ ಒಳಗೆ ಒಂದು ಕಡ್ಡೀನೂ ಅಲ್ಲಾಡಬಾರದು."

"ಒಳಗೆ ಇರೋದೇ ಕಡ್ಡಿ ಸಾರ್" ಎಂದೆ. ಅವರಿಗೆ ಅದು ಉದ್ಧಟತನವಾಗಿ ಕಂಡಿತು. ಬೇಲಿ ಮುಟ್ಟಿದರೆ ಕಾಲೇಜಿನ ಆಸ್ತಿಗೆ ಹಾನಿ ಎಂದು ಪೊಲೀಸು ದೂರು ಕೊಡಬೇಕಾಗುತ್ತದೆ ಎಂದರು. ನಮ್ಮ ಕಣ ನಿಮ್ಮ ಆಸ್ತಿಯಾದದ್ದು ಯಾವಾಗ? ಮುದುಕರೊಬ್ಬರಿಗೆ ಶಾಲು ಹೊದಿಸಿದ ಕ್ಷಣದಲ್ಲೇ?

ಜನವರಿಯವರೆಗೆ ಮೆದೆ ಕಾಯುತ್ತದೆಯೇ ಸ್ವಾಮಿ? ಮೋಡ ಕಟ್ಟುವುದನ್ನು ನೋಡುತ್ತಿದ್ದೇವೆ. ಒಂದು ಅಡ್ಡಮಳೆ ಹೊಡೆದರೆ ತೆನೆಯಲ್ಲೇ ಮೊಳಕೆ. ಅದಕ್ಕೇ ಒಬ್ಬೊಬ್ಬರಾಗಿ ಹೊರೆಗಳನ್ನು ಟಾರು ರಸ್ತೆಗೆ ತಂದು ಹರಡಿದರು. ಬಸ್ಸು ಲಾರಿಗಳೇ ತುಳಿದು ಒಕ್ಕಲಿ ಎಂದು. ನಾನು ಕಂಡಕ್ಟರನಾಗಿದ್ದಾಗ ಹೀಗೆ ರಸ್ತೆಗೆ ಹುಲ್ಲು ಹಾಕಿದವರನ್ನು ಕಿಟಕಿಯಿಂದ ಕತ್ತು ಚಾಚಿ ಬೈದಿದ್ದೇನೆ. ಈಗ ನನ್ನದೇ ರಾಗಿ ರಸ್ತೆಯ ಮೇಲೆ. ಹಾದುಹೋದ ಕಂಡಕ್ಟರನೊಬ್ಬ ನನ್ನನ್ನೂ ಬೈದ. ಸರಿಯಾಗಿಯೇ ಬೈದ.

ನಿಮ್ಮ ವಾರ್ಷಿಕೋತ್ಸವದ ಬೆಳಿಗ್ಗೆ ನನ್ನ ಹೆಂಡತಿ ಮಂಗಳಮ್ಮ ರಸ್ತೆಯಂಚಿನಲ್ಲಿ ಬಗ್ಗಿ ರಾಗಿ ಗುಡಿಸುತ್ತಿದ್ದಳು. ನಾಗಮಂಗಲದ ಕಡೆಯಿಂದ ಒಂದು ಸ್ಕೂಟರು ಬಂತು. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದಿದ್ದ ಹುಡುಗಿ. ಹುಲ್ಲಿನ ಮೇಲೆ ಚಕ್ರ ಜಾರಿತು. ಮಂಗಳಮ್ಮ ಬಿದ್ದಳು, ಹುಡುಗಿಯೂ ಬಿದ್ದಳು. ಹುಡುಗಿಗೆ ಮೊಣಕಾಲು ತರಚಿತ್ತು. ಮಂಗಳಮ್ಮನ ಬಲಗೈ ಮುಂಗೈ ಹತ್ತಿರ ಸೊಟ್ಟಗಾಗಿತ್ತು. ನಾನು ಹುಡುಗಿಯ ಮೇಲೆ ಬಾಯಿಗೆ ಬಂದಂತೆ ಕೂಗಾಡುತ್ತಿದ್ದರೆ ಮಂಗಳಮ್ಮ ನೆಲದಲ್ಲಿ ಕೂತುಕೊಂಡೇ ನನ್ನನ್ನು ಗದರಿದಳು. "ಆ ಮಗೀನ ಬಯ್ಬ್ಯಾಡಿ, ಸುಮ್ಕಿರಿ. ಅದು ರೋಡು ಅಂತ ಬಂತು. ರೋಡ ಕಣ ಮಾಡ್ಕಂಡಿರೋರು ನಾವಲ್ವಾ?"

ಆ ಹುಡುಗಿ ಸ್ನೇಹ. ನಿಮ್ಮದೇ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿನಿ. ವರ್ಷದ ಅತ್ಯುತ್ತಮ ಸ್ವಯಂಸೇವಕಿ ಎಂದು ತಮ್ಮ ಕೈಯಿಂದ ಬಹುಮಾನ ಪಡೆಯಲು ಹೊರಟಿದ್ದಳು. ತಾವು ವೇದಿಕೆಯ ಮೇಲೆ ಅವಳ ಹೆಸರು ಕೂಗಿದಾಗ ಅವಳು ಆಸ್ಪತ್ರೆಯಲ್ಲಿ, ಸೀರೆ ತುಂಬ ರಾಗಿ ಹೊಟ್ಟು ಮೆತ್ತಿಕೊಂಡು, ಮಂಗಳಮ್ಮನ ಪಕ್ಕದಲ್ಲಿ ಕೂತಿದ್ದಳು. ಎಷ್ಟು ಹೇಳಿದರೂ ಎದ್ದು ಹೋಗಲಿಲ್ಲ. ರಸ್ತೆಯಲ್ಲೇಕೆ ಒಕ್ಕುತ್ತೀರಿ ಎಂದು ಕೇಳಿದಳು. ಹೇಳಿದೆ. ಹುಡುಗಿಯ ಮುಖ ಕಪ್ಪಿಟ್ಟಿತು. "ಆ ತಂತಿ ಬಿಗ್ದಿದ್ದು ನಾನೇ ಅಂಕಲ್. ನಮ್ಮೂರಲ್ಲೂ ಕಣ ಅದೆ. ಅವತ್ತು ಉಲ್ಲು ಬೆಳ್ದಿತ್ತಲ್ಲ, ಗುರ್ತೇ ಅತ್ನಿಲ್ಲ" ಎಂದು ಅತ್ತಳು. ಆಗ ನನ್ನ ಸಿಟ್ಟು ಅವಳಿಂದ ಎದ್ದು ನೇರವಾಗಿ ನಿಮ್ಮ ಕಡೆಗೆ ಹೊರಟಿತು. ಇನ್ನೂ ಇಳಿದಿಲ್ಲ.

ಯಾಕೆಂದರೆ, ಪ್ರಾಂಶುಪಾಲರೇ, ಕಣದಲ್ಲೇ ಹುಟ್ಟಿ ಬೆಳೆದ ಮಗುವಿಗೆ ಕಣದ ಗುರುತು ಹತ್ತದಂತೆ ಮಾಡುವ ವಿದ್ಯೆ ಯಾವುದು? ಅವತ್ತು ಅಲ್ಲಿ ಅಗೆದ ಮಕ್ಕಳಲ್ಲಿ ರಾಗಿ ಮುದ್ದೆ ಉಣ್ಣದ ಮಗು ಒಂದಿತ್ತೇ? ತಾವಾದರೂ ಆಕಾಶದಿಂದ ಇಳಿದವರೇ? ಸಮುದಾಯ ಸೇವೆ ಎಂದರೆ ಬೋರ್ಡು ಮೊದಲೇ ಬರೆಸಿಕೊಂಡು ಬಂದು ಅದನ್ನು ನೆಡಲು ಜಾಗ ಹುಡುಕುವುದೇ? ಬಂದ ದಿನ "ಇದು ಯಾವ ಜಾಗ?" ಎಂದು ಒಬ್ಬರನ್ನು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಹೇಳಲು ಎದ್ದವರಿಗೆ ಶಾಲು ಹೊದಿಸಿದಿರಿ.

ಸಂಚಿಕೆಯನ್ನು ನನಗೆ ತಂದುಕೊಟ್ಟವಳೂ ಸ್ನೇಹಳೇ, ಮಂಗಳಮ್ಮನನ್ನು ನೋಡಲು ಕಿತ್ತಳೆ ಹಣ್ಣಿನ ಜೊತೆಗೆ. ಈಗ ನಮ್ಮ ಮನೆಯಲ್ಲಿ ಮುದ್ದೆ ತೊಳಸುವವನು ನಾನು. ಗಂಟುಗಂಟಾಗುತ್ತದೆ. ಮಂಗಳಮ್ಮ ಪಟ್ಟಿ ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲಿ ಗಂಟುಗಳನ್ನು ತಟ್ಟೆಯಂಚಿಗೆ ತಳ್ಳುತ್ತಾಳೆ. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ರಸ್ತೆಯಲ್ಲಿ ಹರಡಿದ್ದ ಹೊರೆಗಳನ್ನೆಲ್ಲ ಅವತ್ತೇ ಎತ್ತಿಬಿಟ್ಟೆವು. ಇನ್ನೊಬ್ಬರ ಮಗಳು ಬೀಳುವುದು ನಮಗೆ ಬೇಡ. ಹಾಗಾಗಿ ಊರಿನ ರಾಗಿಯೆಲ್ಲ ಮೆದೆಯಲ್ಲೇ ಕೂತಿದೆ, ಮೋಡ ತಲೆಯ ಮೇಲಿದೆ.

ಆದ್ದರಿಂದ ನನ್ನ ಹಕ್ಕೊತ್ತಾಯ ಹೀಗಿದೆ. ಜನವರಿಯ ತಂಡಕ್ಕೆ ಕಾಯಬೇಡಿ. ಈ ವಾರವೇ ಬೀಗದ ಕೈ ಹಿಡಿದುಕೊಂಡು ತಾವೇ ಬನ್ನಿ. ಪ್ರತಿನಿಧಿಯನ್ನು ಕಳಿಸಬೇಡಿ, ನೆಟ್ಟದ್ದು ತಮ್ಮ ಕೈ. ಕೆರೆ ಏರಿಯ ಕೆಳಗೆ, ನೀರಿನ ಪಸೆಯಿರುವ ಕಡೆ, ಚಿಕ್ಕಪ್ಪ ನಿಮ್ಮ ಹೊಂಗೆಗೆ ಗುಂಡಿ ತೋಡಿಸಿಟ್ಟಿದ್ದಾರೆ. ಬೇರಿಗೆ ನೋವಾಗದಂತೆ ಮಣ್ಣಿನ ಸಮೇತ ಎತ್ತಿ ಅಲ್ಲಿಡಿ. ಮಂಚಮ್ಮ ನೀರು ಹಾಕುತ್ತಾಳೆ, ಈ ಸಲ ಸೀರೆ ಹರಿಯದೆ. ನಿಮ್ಮ ಮೌಲ್ಯಮಾಪನದ ತಂಡದವರನ್ನೂ ಬೇಕಾದರೆ ಸುಗ್ಗಿಗೇ ಕರೆದುಕೊಂಡು ಬನ್ನಿ. ನಿಮ್ಮ ಮಕ್ಕಳು ಹುಲ್ಲು ಕೆತ್ತಿ ಕಣ ಮಾಡಲಿ, ಸಗಣಿ ಬಳಿಯಲಿ, ರಾಗಿ ತೂರಲಿ. ಅದರ ಚಿತ್ರವನ್ನು ಮುಂದಿನ ಸಂಚಿಕೆಯಲ್ಲಿ ಹಾಕಿಕೊಳ್ಳಿ, ನನ್ನ ಅಡ್ಡಿಯಿಲ್ಲ.

ಕೊನೆಯದಾಗಿ ಒಂದು ಮಾತು. ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎನ್ನುವುದು ನಮ್ಮ ರೂಢಿ. ದಾರಿಹೋಕನಾದರೂ ಸರಿ, ಒಂದು ಮೊರ ರಾಗಿ ಕೊಟ್ಟೇ ಕಳಿಸುತ್ತೇವೆ. ತಾವು ಆಷಾಢದಲ್ಲಿ ಬಂದಾಗ ಕೊಡಲು ರಾಶಿ ಇರಲಿಲ್ಲ, ಅದಕ್ಕೇ ಇರಬೇಕು ಕಣವನ್ನೇ ತೆಗೆದುಕೊಂಡು ಹೋದಿರಿ. ಈ ಸಲ ರಾಶಿ ಇರುವಾಗ ಬನ್ನಿ. ಮೊದಲ ಮೊರವನ್ನು ಮನೆಯಾಕೆ ಬಲಗೈಯಿಂದ ಕೊಡುವುದು ವಾಡಿಕೆ. ಮಂಗಳಮ್ಮನ ಆ ಕೈ ಈ ವರ್ಷ ಪಟ್ಟಿಯಲ್ಲಿದೆ. "ಆ ಮಗೀನ ಕೈಲಿ ಕೊಡಸ್ತೀನಿ" ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಾಳೆ. ಬಹುಮಾನ ತೆಗೆದುಕೊಳ್ಳಲು ಸ್ನೇಹಳಿಗೆ ನಿಮ್ಮ ವೇದಿಕೆಗೆ ಬರಲಾಗಲಿಲ್ಲ. ನಿಮಗೆ ರಾಗಿ ಕೊಡಲು ನಮ್ಮ ಕಣಕ್ಕೆ ಬರುತ್ತಾಳೆ. ತಾವು ಒಂದು ಚೀಲ ತನ್ನಿ, ಶಾಲು ಬೇಡ.

ಇಂತಿ,
ಹೆತ್ತ ಊರು ಬದುಕಿರುವಾಗಲೇ ತಮಗೆ ದತ್ತು ಹೋದ,
ಗಂಟುಮುದ್ದೆಯ ಪುಟ್ಟರಾಜು
ನಿವೃತ್ತ ಕಂಡಕ್ಟರ್, ಸದ್ಯ ಬೀಗದ ಹೊರಗೆ