ಗಿರಿಜಾಂಬ ಕುಡಿಸಿದ ಹಾಲು

ಬೆಂಗಳೂರು
4 ಡಿಸೆಂಬರ್ 2022, ಭಾನುವಾರ

ಮಂಚದ ಮೇಲೆ ಕುಳಿತೇ ನಾರಾಯಣಪುರದ ಕ್ವಾರ್ಟರ್ಸನ್ನೆಲ್ಲ ಆಳುತ್ತಿರುವ ನನ್ನ ಅವ್ವ ತಿಮ್ಮವ್ವನಿಗೆ, ನಿನ್ನ ಹಿರಿಮಗಳು ಕೃಷ್ಣವೇಣಿಯ ಶರಣು.

ಕಾಲು ಹೇಗಿದೆ? ಪ್ಲಾಸ್ಟರಿನೊಳಗೆ ತುರಿಸುತ್ತದೆ ಎಂದು ಪೊರಕೆ ಕಡ್ಡಿ ತೂರಿಸುತ್ತಿದ್ದೀಯಂತೆ, ಅಪ್ಪ ಹೇಳಿದ. ದಯವಿಟ್ಟು ಬೇಡ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧವನ್ನು ನೀನು ತಿರುಗಾಮುರುಗಾ ಮಾಡಿಕೊಂಡು ಅಳುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ತಂಗಿ ಮೋನಮ್ಮನ ಸೀಮಂತದ ಕುಬಸ ಹೇಗಾಯಿತು ಎಂದು ನೀನು ಅಪ್ಪನನ್ನು ಎರಡು ದಿನ ಪೀಡಿಸಿದರೂ ಅವನು 'ಚಲೋ ಆತು' ಎಂಬ ಎರಡೇ ಮಾತಿನ ಮೇಲೆ ಕುಳಿತಿದ್ದಾನಂತಲ್ಲ. ಅವನ ತಪ್ಪೇನಿಲ್ಲ. ಗಂಡಸರ ಜೊತೆ ಹೊರಗೆ ಕಟ್ಟೆಯ ಮೇಲಿದ್ದವನಿಗೆ ಒಳಗಿನ ಗದ್ದಲ ಏನು ತಿಳಿಯಬೇಕು?

ನಿನಗೆ ಯಾವುದರ ಹೆದರಿಕೆ ಇತ್ತೋ ನನಗೂ ಅದರದ್ದೇ ಇತ್ತು. ಎರಡು ವರ್ಷದ ಹಿಂದೆ ಮೋನಮ್ಮನನ್ನು ದೋರನಹಳ್ಳಿಗೆ ಕೊಡುವಾಗ ಬೀಗರಿಗೆ ನೀನು ಹೇಳಿದ್ದು, 'ಹಿರೇ ಮಗಳು ಬೆಂಗಳೂರಾಗ ಇರ್ತಾಳ' ಎಂದಷ್ಟೇ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಿನ್ನ ಹೊಟ್ಟೆಯಲ್ಲಿ ನಾನು ಗಂಡುಮಗುವೆಂದು ಹುಟ್ಟಿದ್ದು, ಊರು ಬಿಟ್ಟು ಹೋಗಿ ಹೆಣ್ಣಾಗಿ ತಿರುಗಿ ಬಂದದ್ದು ಮಾತ್ರ ನಿನ್ನ ಗಂಟಲಲ್ಲೇ ಉಳಿಯಿತು. ಶೂಟಿಂಗ್ ಇದೆ ಎಂದು ನಾನು ಮದುವೆಗೆ ಬರಲಿಲ್ಲ, ಆ ದಿನ ಶೂಟಿಂಗ್ ಇರಲಿಲ್ಲ ಎಂಬುದೂ ನಿನಗೆ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ. ಈಗ ನೀನು ಕಾಲು ಮುರಿದುಕೊಂಡು ಕುಳಿತೆ. ತವರಿನಿಂದ ಆರತಿ ಹಿಡಿಯಲು ಹೆಣ್ಣುಮಗಳು ಬೇಕೇ ಬೇಕು. ಮೋನಮ್ಮನೋ, 'ನಮ್ಮಕ್ಕ ಬಂದ್ರಷ್ಟ ನಾ ಮಣಿ ಮ್ಯಾಲ ಕೂಡ್ತೀನಿ' ಎಂದು ಹಟ ಹಿಡಿದಳು. ಟೆಂಪೊ ಹತ್ತುವಾಗ ನೀನು ಕಿಟಕಿಯಿಂದಲೇ ಕೂಗಿದ್ದು ನೆನಪಿದೆಯೇ? 'ಯಾರರೆ ಏನರೆ ಅಂದ್ರ ಮಾತು ಬೆಳಸಬ್ಯಾಡ. ಆರತಿ ತಾಟು ಇಟ್ಟು ಸುಮ್ನ ಬಂದುಬಿಡು. ಹುಡುಗಿ ಅಲ್ಲೇ ಬಾಳ್ವೆ ಮಾಡಬೇಕು.' ಅಷ್ಟು ಗಟ್ಟಿಯಾಗಿ ಗುಟ್ಟು ಹೇಳುವವರು ನಿನ್ನನ್ನು ಬಿಟ್ಟರೆ ಇಲ್ಲ.

ಟೆಂಪೊ ದೇವಾಪುರ ದಾಟಿತು. ರಸ್ತೆ ಪಕ್ಕದ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು, ಹೊಲದಲ್ಲಿ ಭತ್ತ ಕೊಯ್ಯುತ್ತಿದ್ದರು. ಕ್ವಾರ್ಟರ್ಸಿನ ಗಣಪತಿ ಮುಂದೆ ನಾಟಕದಲ್ಲಿ ಹೆಣ್ಣಿನ ಪಾತ್ರಕ್ಕೆ ಯಾರೂ ಒಪ್ಪದಿದ್ದಾಗ ನಾನು ಓಡಿ ಬಂದು ನಿನ್ನ ಸೀರೆ ಕೇಳಿದ್ದು ನೆನಪಾಯಿತು. ಆಮೇಲೆ ಬೆಂಗಳೂರಿನಲ್ಲಿ ಐದು ವರ್ಷ ನನಗೆ ಸಿಕ್ಕಿದ್ದೆಲ್ಲ ಒಂದೇ ಪಾತ್ರ: ಸಿಗ್ನಲ್ಲಿನಲ್ಲಿ ಚಪ್ಪಾಳೆ ಹೊಡೆಯಬೇಕು, ಹೀರೋನ ಗೆಳೆಯ ಹೆದರಿ ಓಡಬೇಕು, ಜನ ನಗಬೇಕು. ನನಗೆ ಬೇರೆ ಏನೂ ಬರುವುದಿಲ್ಲ ಎಂದು ಸಿನಿಮಾದವರು ತೀರ್ಮಾನಿಸಿಬಿಟ್ಟಿದ್ದರು. ಕೊನೆಗೆ ಒಂದು ಸಿನಿಮಾದಲ್ಲಿ ಹಾಸ್ಟೆಲ್ ಅಡುಗೆಯವಳಾದೆ. ನಾಲ್ಕೇ ಸೀನು, ಆದರೆ ಬರೀ ಒಬ್ಬ ಹೆಂಗಸು, ಮತ್ತೇನೂ ಅಲ್ಲ. ಅಪ್ಪ ಶಹಾಪುರಕ್ಕೆ ಹೋಗಿ ನೋಡಿ ಬಂದು, 'ಒಗ್ಗರಣಿ ಹಾಕೂದು ಸುಳ್ಳು ಕಾಣ್ತಿತ್ತು' ಎಂದ. ನನಗೆ ಅಷ್ಟು ಖುಷಿ ಯಾವ ಹೊಗಳಿಕೆಯಿಂದಲೂ ಆಗಿಲ್ಲ.

ಈಗಿನ ಧಾರಾವಾಹಿ ಗೊತ್ತೇ ಇದೆ. ಅದರಲ್ಲಿ ನಾನು ಗಿರಿಜಾಂಬ, ಬಂಗಲೆಯ ಅತ್ತೆ, ಊರಿಗೇ ಕೆಟ್ಟವಳು. ಕಳೆದ ತಿಂಗಳು ಗಿರಿಜಾಂಬ ತನ್ನ ಬಸುರಿ ಸೊಸೆಯ ಹಾಲಿನಲ್ಲಿ ಏನೋ ಔಷಧ ಬೆರೆಸಿ ಕೊಟ್ಟಳಲ್ಲ, ಅದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದು.

ದೋರನಹಳ್ಳಿಯಲ್ಲಿ ಬುತ್ತಿ ಇಳಿಸಿ ಬೀಗರ ಮನೆಯೊಳಗೆ ಹೋದೆವು. ಮಲ್ಲಾಬಾಯಿ, ಅದೇ ನಿನ್ನ ಬೀಗತಿ, ಕಾಲಿಗೆ ನೀರು ಕೊಟ್ಟು ಕರೆದುಕೊಂಡಳು. ಆಕೆಯ ಓರಗಿತ್ತಿ ಸುಂದ್ರಮ್ಮ ಮಾತ್ರ ಬಾಗಿಲಿಗೆ ಒರಗಿ ನನ್ನ ಕೈ, ಪಾದ, ಗಂಟಲು ಎಲ್ಲ ನೋಡಿದಳು. ಆ ನೋಟ ನನಗೆ ಹೊಸದಲ್ಲ. ಸೆರಗು ಹೊದ್ದುಕೊಂಡೆ.

ಮೋನಮ್ಮ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತಿದ್ದಳು. ನಿನ್ನ ಹಾಗೆ ಮೂಗು ಕೆಂಪಾಗಿತ್ತು. ಮುತ್ತೈದೆಯರು ಉಡಿ ತುಂಬಿದರು, ಸೋಬಾನ ಹಾಡಿದರು. ನಾನು ತಾಟು ಎತ್ತಿ ಎರಡು ಹೆಜ್ಜೆ ಇಟ್ಟಿದ್ದೆ. 'ತಡಿ! ಆ ತಾಟು ಕೆಳಗ ಇಡು. ನಿನ್ನ ಕೈಲೆ ನಮ್ಮ ಸೊಸೀಗಿ ಆರತಿ ಮಾಡ್ಸೂದಿಲ್ಲ!' ಎಂದಳು ಮಲ್ಲಾಬಾಯಿ.

ಹಾಡು ನಿಂತಿತು. ಅವ್ವ, ಮುಗಿಯಿತು, ನನ್ನಿಂದ ಹುಡುಗಿಯ ಬಾಳು ಕೆಟ್ಟಿತು ಎಂದುಕೊಂಡೆ. ನಿನ್ನ ಮಾತಿನಂತೆ ತಾಟು ಇಡಲು ಬಗ್ಗಿದೆ. ಮೋನಮ್ಮ ಮಣೆಯಿಂದ ಏಳತೊಡಗಿದಳು, 'ಅಕ್ಕ ಹೋದ್ರ ನಾನೂ ಹೋಗ್ತೀನಿ' ಎಂದು. ಅಷ್ಟರಲ್ಲಿ ಮಲ್ಲಾಬಾಯಿಯ ದನಿ ಇನ್ನೂ ಏರಿತು: 'ಬಸುರಿ ಹೆಣ್ಮಗಳಿಗೆ ಹಾಲಾಗ ಔಷಧ ಹಾಕ್ದಾಕಿ ನೀನು! ಇಡೀ ಊರು ಟೀವ್ಯಾಗ ನೋಡೈತಿ!'

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಪಡಸಾಲೆಯ ಹೆಂಗಸರೆಲ್ಲ ಹರಿಹಾಯ್ದರು. ಭೀಮವ್ವ ಎಂಬ ಮುದುಕಿ, 'ಆವತ್ತು ನಾ ಉಣ್ಣದ ಮಕ್ಕೊಂಡೀನಿ, ಗೊತ್ತೇನು?' ಎಂದು ಬೆರಳು ಮಾಡಿದಳು. ಪಕ್ಕದ ಮನೆಯ ಮದೀನಾಬೀ, 'ಇಂಥಾ ಸಾಸ್, ಇಂಥಾ ಅತ್ತಿ, ನಮ್ಮ ಖಾಂದಾನದಾಗ ಹುಟ್ಟಿಲ್ಲ ಬಿಡ್ರಿ' ಎಂದಳು. ಮನೆಮುರುಕಿ, ಹಾದರಗಿತ್ತಿ, ಸೊಸೆಯ ಹೊಟ್ಟೆ ಉರಿಸುವಾಕಿ, ಎಲ್ಲ ಆಯಿತು. ಅವ್ವ, ಇಷ್ಟು ವರ್ಷದಲ್ಲಿ ನನ್ನನ್ನು ಎಷ್ಟು ಜನ ಏನೇನು ಬೈದಿದ್ದಾರೆ, ನಿನಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಕೆಟ್ಟ ಅತ್ತೆ ಎಂದು ಎದುರಿಗೇ ಬೈದವರು ಇವರೇ ಮೊದಲು. ಬೈಸಿಕೊಂಡೇ ಹೊಟ್ಟೆ ತುಂಬಿತು.

'ಅದು ಬರೇ ಹಾಲು ಸಕ್ಕರಿ ರೀ ಅತ್ತಿ' ಎಂದೆ. 'ಆ ಹುಡುಗಿ ಕುಡದು ಇನ್ನೊಂದು ಗ್ಲಾಸ್ ಕೇಳಿದ್ಲು.' ಕೆಲವರು ನಕ್ಕರು. ಮಲ್ಲಾಬಾಯಿ ನಗಲಿಲ್ಲ. ಹಾಲು ತರಿಸಿ ಗ್ಲಾಸು ನನ್ನ ಕೈಗಿಟ್ಟಳು. 'ಅರ್ಧ ನೀ ಕುಡಿ. ಉಳದದ್ದು ನಿನ್ನ ಕೈಲೇ ಅಕೀಗಿ ಕುಡಸು. ಎಲ್ಲಾರೂ ನೋಡ್ರಿ.'

ನಾನು ರೂಢಿಯಂತೆ ಗ್ಲಾಸನ್ನು ಮೇಲೆತ್ತಿದೆ. ಶೂಟಿಂಗಿನಲ್ಲಿ ನನ್ನ ಲೋಟವನ್ನು ಬೇರೆ ಇಡುತ್ತಿದ್ದ ದಿನಗಳಿಂದ ನಾನು ಎಲ್ಲೂ ತುಟಿ ತಾಗಿಸುವುದಿಲ್ಲ. ಮಲ್ಲಾಬಾಯಿ ನನ್ನ ಮೊಣಕೈ ಹಿಡಿದು ಇಳಿಸಿ, 'ತುಟಿ ಹಚ್ಚಿ ಕುಡಿ' ಎಂದಳು. ತುಟಿ ಹಚ್ಚಿ ಕುಡಿದೆ. ನಂಟರಿಷ್ಟರೆಲ್ಲರ ಎದುರು ಮೋನಮ್ಮ ಅದೇ ಗ್ಲಾಸಿಗೆ ಬಾಯಿ ಹಚ್ಚಿ, ತಳ ಕಾಣುವವರೆಗೂ ಕುಡಿದು, ಕೆನೆಯ ಮೀಸೆ ಇಟ್ಟುಕೊಂಡು ನಕ್ಕಳು. 'ಈಗ ಎತ್ತು ಆರತಿ' ಎಂದಳು ಮಲ್ಲಾಬಾಯಿ. ಎತ್ತಿದೆ ಅವ್ವ. ನಿನ್ನ ಪರವಾಗಿ ಎತ್ತಿದೆ, ನನ್ನ ಪರವಾಗಿಯೂ ಎತ್ತಿದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಕರ್ಪೂರದ ಹೊಗೆ ಎಂದು ಹೇಳಿದೆ.

ಊಟಕ್ಕೆ ಕುಳಿತಾಗ ನನ್ನ ಎಲೆಯ ಸುತ್ತ ಜಾಗವಿರಲಿಲ್ಲ. ಗಿರಿಜಾಂಬಳ ಗಂಡ ನಿಜವಾಗಿಯೂ ಕುಡುಕನೇ, ಆ ಒಡವೆ ಬಂಗಾರದವೇ, ಆ ಸೊಸೆಯ ಕೂಸು ಉಳಿಯುತ್ತದೋ ಇಲ್ಲವೋ ಎಂದು ಒಂದೇ ಸಮನೆ ಕೇಳಿದರು. ಕಥೆ ಬರೆಯುವವರನ್ನು ಕೇಳುತ್ತೇನೆಂದೆ. ಆ ಕೂಸಿಗೆ ಏನಾದರೂ ಆದರೆ ಮುಂದಿನ ಸಲ ಮೋನಮ್ಮನ ಕೂಸಿನ ತೊಟ್ಟಿಲಿಗೆ ಬರಬೇಡ ಎಂದು ಭೀಮವ್ವ ತಾಕೀತು ಮಾಡಿದಳು. ಮುಂದಿನ ಸಲ ಎಂದಳು, ಗಮನಿಸು! ನಿನ್ನೆ ಸೆಟ್ಟಿಗೆ ಹೋದವಳೇ ಬರಹಗಾರರ ಕೈಕಾಲು ಹಿಡಿದಿದ್ದೇನೆ. ನೋಡೋಣ ಅಂದಿದ್ದಾರೆ.

ಸಂಜೆ ಅಳಿಯ ಬಸವಂತ್ರಾಯ ನನ್ನನ್ನು ಬೈಕಿನ ಮೇಲೆ ಯಾದಗಿರಿ ಸ್ಟೇಷನ್ನಿಗೆ ಬಿಟ್ಟ. ದಾರಿಯಲ್ಲೆಲ್ಲ 'ಅಕ್ಕಾರ, ಗಟ್ಟಿ ಹಿಡ್ಕೋರಿ' ಎಂದ. ಒಳ್ಳೆಯ ಹುಡುಗ, ಆದರೆ ಬೈಕು ಹೊಡೆಯಲು ಬರುವುದಿಲ್ಲ.

ನೀನು ನೆಟ್ಟಗೆ ಮಲಗಿರು. ತೊಟ್ಟಿಲಿಗೆ ಇಬ್ಬರೂ ಕೂಡಿಯೇ ಹೋಗೋಣ.

ನಿನ್ನ ಮಗಳು,
ಕೃಷ್ಣವೇಣಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದುಕೊಂಡಿದ್ದೆ. ಹೊರಡುವ ಮುನ್ನ ಅಡುಗೆಮನೆಯಲ್ಲಿ ಮಲ್ಲಾಬಾಯಿಯ ಕಾಲಿಗೆ ಬಿದ್ದೆ. ಬಾಗಿಲು ಮುಚ್ಚಿ ಆಕೆ ಮೆಲ್ಲಗೆ ಹೇಳಿದಳು: 'ಹೆಣ್ಣು ನೋಡಾಕ ಬರೂಕಿಂತ ಮೊದ್ಲೇ ನಿಮ್ಮ ಮನಿ ಸುದ್ದಿ ಎಲ್ಲಾ ತಿಳಕೊಂಡೀನಿ. ನೀ ಯಾರಂತ ನನಗ ಗೊತ್ತಿತ್ತು. ಇವತ್ತು ಮುಂಜಾನಿ ಸುಂದ್ರಮ್ಮನ ಕಿವೀಗೂ ಬಿತ್ತು. ಆರತಿ ಹೊತ್ತಿಗೆ ಅಕಿ ಬಾಯಿ ತೆರಿಯಾಕತ್ತಿದ್ಲು. ಅದಕ್ಕ ಅಕೀಗಿಂತ ಮೊದ್ಲು ನಾ ಬಾಯಿ ತೆರದೆ. ಎಲ್ಲಾರ ಮುಂದ ನಿನ್ನ ಎಂಜಲ ಗ್ಲಾಸು ನನ್ನ ಸೊಸಿ ಕುಡದ ಮ್ಯಾಲ ಇನ್ಯಾವಾಕಿ ಏನಂತಾಳ?' ಗಿರಿಜಾಂಬಳ ಮೇಲೆ ನಿಮಗೆ ನಿಜವಾಗಿ ಸಿಟ್ಟಿರಲಿಲ್ಲವೇ ಎಂದು ಕೇಳಿದೆ. ನನ್ನ ಗಲ್ಲ ಹಿಂಡಿ ಅಂದಳು: 'ಹಾಲಿನ ಸುದ್ದಿ ಮದೀನಾಬೀ ಹೇಳಿದ್ಲು. ನಿನ್ನ ಧಾರಾವಾಹಿ ನಾ ಒಂದಿನಾನೂ ನೋಡಿಲ್ಲ. ನಾಟಕ ಮಾಡಾಕ ನಿನಗೊಬ್ಬಾಕೀಗೇ ಬರ್ತೈತೇನು, ಹುಚ್ಚಿ?'